ಐವತ್ತು ಮನೆಗಳ ಹಾಳೆ

ಮಾರ್ಚ್ 3, ಸೋಮವಾರ

ಹೆಂಡತಿಯನ್ನು ಇವತ್ತು ಮನೆಗೆ ಕರೆತಂದೆ. ಆಸ್ಪತ್ರೆಯಲ್ಲಿ ಎರಡು ವಾರ ಬರೀ ಗೋಡೆ ನೋಡಿಕೊಂಡು ಮಲಗಿದ್ದಳು. ಅದಕ್ಕೇ ಮುಂದಿನ ಕೋಣೆಯ ಕಿಟಕಿಗೆ ತಾಗಿಸಿ ಮಂಚ ಹಾಕಿಸಿದ್ದೇನೆ. ರಸ್ತೆ ಕಾಣುತ್ತದೆ, ಹೋಗಿಬರುವವರು ಕಾಣುತ್ತಾರೆ.

ಮೆದುಳಿನಲ್ಲಿ ರಕ್ತ ಕಟ್ಟಿ ಹೀಗಾಯಿತು. ಬಲಗಾಲು ನಿಧಾನಕ್ಕೆ ಬರಬಹುದಂತೆ. ಬಲಗೈ ಬಗ್ಗೆ ಯಾರೂ ಬಾಯಿ ಬಿಡುವುದಿಲ್ಲ. ಎಡಗೈ ನಡುಗುತ್ತದೆ, ಆದರೆ ಹೇಳಿದಂತೆ ಕೇಳುತ್ತದೆ. ಮಾತು ಮಾತ್ರ ಪೂರ್ತಿ ನಿಂತಿದೆ. "ಊ" ಎಂಬ ಒಂದು ಸದ್ದು ಬರುತ್ತದೆ. ಹೌದು ಎನ್ನಲಿಕ್ಕೂ ಅದೇ, ಇಲ್ಲ ಎನ್ನಲಿಕ್ಕೂ ಅದೇ. ತಲೆಯಾಡಿಸಿದರೂ ಹೌದೋ ಅಲ್ಲವೋ ತಿಳಿಯದು.

ಹೊರಡುವಾಗ ಮಾತಿನ ಡಾಕ್ಟರು, ಇನ್ನೂ ಸಣ್ಣ ವಯಸ್ಸಿನ ಹೆಣ್ಣುಮಗಳು, ನನ್ನನ್ನು ಪಕ್ಕಕ್ಕೆ ಕರೆದರು. "ಅವರಿಗೆ ಎಲ್ಲಾ ಅರ್ಥ ಆಗುತ್ತೆ. ಮಾತು ಎಲ್ಲೂ ಹೋಗಿಲ್ಲ, ಒಳಗೇ ಇದೆ. ನಾಲಗೆ, ತುಟಿ ಕೈಕೊಟ್ಟಿವೆ ಅಷ್ಟೆ" ಎಂದರು. ಸರಿಹೋಗಲು ತಿಂಗಳುಗಳೇ ಬೇಕು, ವರ್ಷವೂ ಆಗಬಹುದು. ಅಲ್ಲಿಯವರೆಗೆ ಬೆರಳಿಟ್ಟು ತೋರಿಸುವಂಥ ಒಂದು ಹಾಳೆ ಮಾಡಿಕೊಳ್ಳಿ ಎಂದು ಹೇಳಿಕೊಟ್ಟರು. ಫೋನಿನಲ್ಲಿ ಒತ್ತಿಸಿ ನೋಡಿಯಾಗಿದೆ. ಬೆರಳು ನಡುಗಿ ಒಂದಕ್ಕೆ ಮೂರು ಅಕ್ಷರ ಬೀಳುತ್ತವೆ. ಎಡಗೈಯಲ್ಲಿ ಬರೆಸಿದರೆ ಗೆರೆಯ ಮೇಲೆ ಗೆರೆ, ಬ್ರಹ್ಮನಿಗೂ ಓದಲು ಬಾರದು.

ಸಂಜೆ ಪೇಪರನ್ನು ಮೊದಲಿನಿಂದ ಕೊನೆಯವರೆಗೆ ಓದಿದೆ. ಮದುವೆಯಾದ ಮೇಲೆ ಹೀಗೆ ಓದಿದ್ದು ಇದೇ ಮೊದಲಿರಬೇಕು. ಇವಳು ಅಂಗಡಿಯಿಂದ ಬಂದವಳೇ ಆ ದಿನದ ಗಿರಾಕಿಗಳ ಕಥೆ ಶುರು ಮಾಡುತ್ತಿದ್ದಳು, ನಾನು ಪೇಪರಿನ ಹಿಂದಿನಿಂದ ಹೂಂ, ಹೂಂ ಎನ್ನುತ್ತಿದ್ದೆ. ಇವತ್ತು ಟೆಂಡರ್ ಜಾಹೀರಾತನ್ನೂ ಬಿಡಲಿಲ್ಲ. ಏನು ಓದಿದೆ ಎಂದರೆ ಮಾತ್ರ ಹೇಳಲಾರೆ.

ಮಾರ್ಚ್ 5, ಬುಧವಾರ

ಬೆಳಿಗ್ಗೆ ಭಾವ ಬಂದಿದ್ದರು. ಇವಳ ಅಣ್ಣ. ಒಳ್ಳೆಯ ಮನುಷ್ಯ, ಆಸ್ಪತ್ರೆಯಲ್ಲಿ ನನಗಿಂತ ಹೆಚ್ಚು ಓಡಾಡಿದವರು ಅವರೇ. ತಂಗಿಯ ಕಾಲ ಬಳಿ ಕೂತು ಹಣ್ಣು ಹೆಚ್ಚುತ್ತ ಅಂಗಡಿಯ ವಿಷಯ ಎತ್ತಿದರು.

ಬೀದಿಯ ಕೊನೆಯಲ್ಲಿ ಇವಳದೊಂದು ಹೊಲಿಗೆ ಅಂಗಡಿ. ಹೊಸದು ಹೊಲಿಯುವುದು ಕಡಿಮೆ, ಆಲ್ಟರೇಷನ್ನೇ ಹೆಚ್ಚು. ದೊಗಲೆಯಾದದ್ದನ್ನು ಹಿಡಿಯುವುದು, ಬಿಗಿಯಾದದ್ದನ್ನು ಬಿಚ್ಚಿ ಸಡಿಲ ಮಾಡುವುದು. ಎರಡು ಮಷಿನ್. ಒಂದರ ಮೇಲೆ ಇವಳು, ಇನ್ನೊಂದರ ಮೇಲೆ ಕಾಜಾ ಅಕ್ಕ. ಅಕ್ಕ ಬಂದದ್ದು ಗುಂಡಿಗೆ ಕಾಜಾ ಹೊಲಿಯಲೆಂದು. ಅಲ್ಲೇ ಉಳಿದರು, ಹೆಸರೂ ಅದೇ ಉಳಿಯಿತು. ಈಗ ಅಂಗಡಿಗೆ ಬೀಗ. ಫೋನ್ ರಿಪೇರಿಯವನೊಬ್ಬ ಆ ಜಾಗಕ್ಕಾಗಿ ಕಟ್ಟಡದ ಮಾಲೀಕರ ಬೆನ್ನುಬಿದ್ದಿದ್ದಾನಂತೆ. ಮೂವತ್ತನೇ ತಾರೀಖು ಭಾನುವಾರ ಮಾಲೀಕರು ನಮ್ಮ ಮನೆಗೇ ಬರುತ್ತಾರೆ. ಇಟ್ಟುಕೊಳ್ಳುತ್ತೀರೋ ಬಿಡುತ್ತೀರೋ, ಅವತ್ತು ಹೇಳಬೇಕು.

ಕೈಯೇ ಆಡದ ಮೇಲೆ ಹೊಲಿಗೆ ಅಂಗಡಿ ಇಟ್ಟುಕೊಂಡು ಏನು ಮಾಡುವುದು, ತಲೆಭಾರ ಇಳಿಸಿಬಿಡೋಣ, ತಂಗಿ ಹಾಯಾಗಿರಲಿ ಎಂದು ಭಾವನ ವಾದ. ಹೇಳುತ್ತ ಹೇಳುತ್ತ ಅವರ ಕಣ್ಣಲ್ಲೇ ನೀರು ಬಂತು. ಇವಳು "ಊ" ಎಂದಳು. ಒಪ್ಪಿದಳು ಎಂದು ಭಾವ ನನ್ನ ಮುಖ ನೋಡಿದರು. ನನಗೂ ಹಾಗೇ ಅನಿಸಿತು. ಇವಳು ಮತ್ತೊಮ್ಮೆ "ಊ" ಎಂದು ಕಿಟಕಿಯ ಕಡೆ ತಿರುಗಿದಳು. ದಣಿವಿರಬೇಕು.

ಮಾರ್ಚ್ 7, ಶುಕ್ರವಾರ

ಆಫೀಸಿನಲ್ಲಿ ನನ್ನ ಹೆಸರು ಒಂದ್ಪುಟ. ಟೈಲ್ಸ್ ಗೋದಾಮಿನ ದಾಸ್ತಾನು ಪಟ್ಟಿ ಮಾಡುವುದು ನನ್ನ ಕೆಲಸ. ಅಳತೆ, ಬಣ್ಣ, ಬ್ಯಾಚು, ಯಾವ ಕಪಾಟು, ಎಷ್ಟು ಪೆಟ್ಟಿಗೆ ಎಂದು ಎಕ್ಸೆಲ್ ಶೀಟು ಅಡ್ಡಡ್ಡಕ್ಕೆ ಬೆಳೆಯುತ್ತಲೇ ಹೋಗುತ್ತದೆ. ಮ್ಯಾನೇಜರ್ ಮೇಡಂಗೆ ಎಲ್ಲ ಒಂದೇ ಪುಟದಲ್ಲಿ ಬೇಕು. ಕಾಲಂ ಇರುಕಿಸಿ, ಮಾರ್ಜಿನ್ ಕಡಿದು, ಹಾಳೆ ಅಡ್ಡ ತಿರುಗಿಸಿ ನಾನು ಕೂರಿಸಿಯೇ ಕೂರಿಸುತ್ತೇನೆ. ಈ ವಿಷಯದಲ್ಲಿ ಇಡೀ ಆಫೀಸು ನನ್ನ ಮುಂದೆ ಕೈಮುಗಿಯಬೇಕು.

ಆ ವಿದ್ಯೆಯನ್ನೇ ಇವಳಿಗಾಗಿ ಹಚ್ಚಿದೆ. ನೀರು, ಊಟ, ಔಷಧಿ, ನೋವು, ಚಳಿ, ಸೆಖೆ, ಫ್ಯಾನು, ದೀಪ, ಬಚ್ಚಲು, ನಿದ್ದೆ, ಹೀಗೆ ಇಪ್ಪತ್ತು ಮಾತು. ನಾಲ್ಕು ಕಾಲಂ, ಐದು ಸಾಲು. ಸುತ್ತ ದಪ್ಪ ಗೆರೆ, ತಿಳಿನೀಲಿ ತಲೆಸಾಲು. ಲ್ಯಾಮಿನೇಷನ್ ಮಾಡಿಸಿ ತಂದು ತೊಡೆಯ ಮೇಲಿಟ್ಟೆ.

ಮೊದಲಿನಿಂದ ಕೊನೆಯವರೆಗೆ ನೋಡಿದಳು. ಎಡಗೈಯಿಂದ ನೂಕಿದಳು. ನೆಲಕ್ಕೆ ಬಿತ್ತು. ಜಾರಿತೇನೋ ಎಂದು ಎತ್ತಿಟ್ಟೆ. ಮತ್ತೆ ನೂಕಿದಳು.

ನಾನು ಆಫೀಸಿಗೆ ಹೋದಾಗ ಇವಳ ಜೊತೆ ಇರುವುದು ಕಾಜಾ ಅಕ್ಕ. ಅವರು ಹಾಳೆ ಎತ್ತಿ ನೋಡಿ, ಮೆಲ್ಲಗೆ ಹೇಳಿದರು: "ಇದ್ರಲ್ಲಿ ಅವಳು ಕೇಳೋದಷ್ಟೇ ಇದೆ. ಹೇಳೋದು ಎಲ್ಲಿದೆ?"

ಸಿಟ್ಟು ಬಂತು. ಮಲಗಿದವಳು ಇನ್ನೇನು ಹೇಳಬೇಕಿದೆ?

ಮಾರ್ಚ್ 8, ಶನಿವಾರ

ಕೇಳೋದು, ಹೇಳೋದು. ಬೆಳಗಿನಿಂದ ಅದೇ ತಲೆಯಲ್ಲಿ.

ಇವಳು ಹೇಳುವುದೇನು ಎಂದು ನಾನು ಮೊದಲೇ ಗೊತ್ತುಮಾಡಲು ಆಗುವುದಿಲ್ಲ. ಹಾಗಾದರೆ ಮಾತು ಬೇಡ, ಅಕ್ಷರಗಳನ್ನೇ ಕೊಡಬೇಕು. ಎಲ್ಲ ಅಕ್ಷರ.

ಮಾರ್ಚ್ 12, ಬುಧವಾರ

ಮೂರು ದಿನದಿಂದ ಕಾಗುಣಿತ ಹೊಡೆಯುತ್ತಿದ್ದೇನೆ. ಕ ಕಾ ಕಿ ಕೀ ಎಂದು ಕಾಲಂ ಅಡ್ಡಕ್ಕೆ, ಕ ಖ ಗ ಘ ಎಂದು ಸಾಲು ಕೆಳಕ್ಕೆ. ಐನೂರಕ್ಕೆ ಮೇಲ್ಪಟ್ಟು ಮನೆಗಳಾದವು. ಶೀಟಿನ ಚೌಕಕ್ಕೆ ಸೆಲ್ ಎನ್ನಬೇಕಂತೆ, ನನಗೆ ಅದು ಯಾವತ್ತೂ ಮನೆಯೇ. ಪ್ರಿಂಟ್ ಹೇಗೆ ಬರುತ್ತದೆ ಎಂದು ತೆರೆದು ನೋಡಿದರೆ ಆರು ಪುಟ. ಆರು ಪುಟ ಅಂಟಿಸಿದರೆ ಹಾಸಿಗೆಯಷ್ಟಾಗುತ್ತದೆ, ಇವಳ ಕೈ ಎಲ್ಲಿಗೆ ನಿಲುಕೀತು? "ಒಂದೇ ಪುಟಕ್ಕೆ ಹೊಂದಿಸು" ಎಂಬ ಗುಂಡಿ ಒತ್ತಿದೆ. ಬಂತು. ಒಂದು ಮನೆಯೂ ಬಿಡದೆ, ನಾಲ್ಕು ಕಡೆ ಸಮನಾಗಿ, ಒಂದೇ ಪುಟಕ್ಕೆ. ಇಪ್ಪತ್ತೊಂದು ವರ್ಷದ ನೌಕರಿಯಲ್ಲಿ ಇಷ್ಟು ದೊಡ್ಡದನ್ನು ನಾನು ಕೂರಿಸಿರಲಿಲ್ಲ.

ಆಫೀಸಿನ ಪ್ರಿಂಟರಿನಿಂದ ಹಾಳೆ ಹೊರಬರುವಾಗ ಮ್ಯಾನೇಜರ್ ಮೇಡಂ ಪಕ್ಕದಲ್ಲೇ ನಿಂತಿದ್ದರು. ಹೊಸ ಟೈಲ್ಸಿನ ಡಿಸೈನಾ ಎಂದು ಕೇಳಿದರು. ಕಾಗುಣಿತ ಎಂದೆ. ಯಾಕೆ ಎಂದು ತಿಳಿದ ಮೇಲೆ, ಬಣ್ಣದ ಶಾಯಿ ಬೇಕಿದ್ದರೂ ಬಳಸಿಕೊಳ್ಳಿ ಎಂದರು.

ಮನೆಗೆ ಬಂದು ಇವಳ ಮುಂದೆ ಇಟ್ಟೆ. ಹುಬ್ಬು ಗಂಟಿಕ್ಕಿ, ಕಣ್ಣು ಕಿರಿದು ಮಾಡಿ, ಬೆರಳಿಟ್ಟಳು. ಬೆರಳ ತುದಿಯ ಕೆಳಗೆ ಖೆ, ಖೇ, ಖೈ, ಗೆ, ಗೇ, ಗೈ ಎಲ್ಲ ಒಟ್ಟಿಗೆ ಮುಚ್ಚಿಹೋದವು. ಬೆರಳು ನಡುಗಿದಾಗ ಇನ್ನೂ ಮೂರು ಸೇರಿಕೊಂಡವು. ಯಾವುದು ಎಂದು ಕೇಳಿದೆ. ಸರಿಸಿದಳು. ಇದಾ ಎಂದೆ, ಇದಾ ಎಂದೆ. ಇರುವೆ ಸಾಲಿನಲ್ಲಿ ಒಂದು ಇರುವೆ ತೋರಿಸು ಎಂದ ಹಾಗಾಯಿತು. ಕೊನೆಗೆ ಕೈಯನ್ನು ಹಾಳೆಯ ಮೇಲೆ ಹಾಗೇ ಬಿಟ್ಟು ಕಣ್ಣುಮುಚ್ಚಿದಳು. ಕಣ್ಣಂಚಿನಿಂದ ನೀರು ಇಳಿದು ಕಿವಿಯತ್ತ ಹೋಯಿತು. ಒರೆಸಲು ಅವಳಿಗೆ ಕೈ ಎತ್ತಲಾಗಲಿಲ್ಲ, ನಾನು ಒರೆಸಿದೆ.

ಮಾರ್ಚ್ 13, ಗುರುವಾರ

ಏನೂ ಮಾಡಲಿಲ್ಲ. ಪೇಪರ್ ಕೂಡ ಬಿಡಿಸಲಿಲ್ಲ.

ಮಾರ್ಚ್ 16, ಭಾನುವಾರ

ಬೆಳಿಗ್ಗೆ ಪಾತ್ರೆ ತೊಳೆಯುತ್ತಿದ್ದೆ. ತಟ್ಟೆ ಉಜ್ಜುವ ತಾಳಕ್ಕೆ ಬಾಯಿ ತಾನಾಗಿ ಕ ಖ ಗ ಘ ಙ ಎಂದು ಹಾಡತೊಡಗಿತು. ಚ ಛ ಜ ಝ ಞ. ಟ ಠ ಡ ಢ ಣ. ತಟ್ಟೆ ಹಿಡಿದುಕೊಂಡೇ ನಿಂತೆ. ಐದು ಐದರಂತೆ ಐದು ಸಾಲು! ಯಾವ ಪುಣ್ಯಾತ್ಮ ಜೋಡಿಸಿದನೋ, ಇದು ಹುಟ್ಟಿನಿಂದಲೇ ಕಾಲಂ ಮತ್ತು ಸಾಲು. ನಾನು ಹೊಸದಾಗಿ ಏನೂ ಮಾಡಬೇಕಿಲ್ಲ.

ಅದರ ಹಿಂದೆಯೇ ಇನ್ನೊಂದು ಹೊಳೆಯಿತು. ಕಾಗುಣಿತ ಯಾಕೆ ಬೇಕು? ಕ ಮುಟ್ಟಿ ಇ ಮುಟ್ಟಿದರೆ ಕಿ. ಮ ಮುಟ್ಟಿ ಆ ಮುಟ್ಟಿದರೆ ಮಾ. ಒತ್ತಕ್ಷರಕ್ಕೆ "ಒತ್ತು" ಎಂದು ಒಂದೇ ಒಂದು ಮನೆ ಸಾಕು. ಅದನ್ನು ಮುಟ್ಟಿದ ಮೇಲೆ ಬರುವ ಅಕ್ಷರ ಕೆಳಗೆ ಸೇರುತ್ತದೆ. ಐನೂರು ಮನೆಯ ಊರು ಐವತ್ತಕ್ಕೆ ಇಳಿಯಿತು. ಕೈ ಒರೆಸಿಕೊಳ್ಳದೆಯೇ ಕಂಪ್ಯೂಟರ್ ಮುಂದೆ ಕೂತೆ.

ಮೊದಲು ಇವಳ ತೋರುಬೆರಳಿನ ಅಗಲ ಟೇಪು ಹಿಡಿದು ಅಳೆದೆ. ನಡುಗಿದಾಗ ಎಷ್ಟು ದೂರ ಓಡುತ್ತದೆ ಎಂದೂ ನೋಡಿಕೊಂಡೆ. ಅದಕ್ಕಿಂತ ಒಂದು ಕೂದಲೆಳೆಯಷ್ಟೂ ಮನೆ ಚಿಕ್ಕದಾಗಕೂಡದು ಎಂದು ಕಾಲಂ ಅಗಲ ನಿಗದಿ ಮಾಡಿದೆ. ಮೇಲೆ ಸ್ವರಗಳು, ಕೆಳಗೆ ಐದು ವರ್ಗ, ತಳದಲ್ಲಿ ಯ ರ ಲ ವ ಶ ಷ ಸ ಹ ಳ. ಪ್ರಿಂಟ್ ನೋಟ ತೆರೆದೆ. ಎರಡು ಪುಟ. ಎರಡನೆಯದರಲ್ಲಿ ಏನಿದೆ ಎಂದು ನೋಡಿದರೆ ಳ. ಒಂದೇ ಒಂದು ಳ, ಅಷ್ಟು ದೊಡ್ಡ ಬಿಳಿ ಹಾಳೆಯ ಮೂಲೆಯಲ್ಲಿ ಪರದೇಶಿಯ ಹಾಗೆ ಕೂತಿತ್ತು.

ಆ ಗುಂಡಿ ಒತ್ತಿದರೆ ಳ ಓಡಿ ಬರುತ್ತಿತ್ತು. ಜೊತೆಗೆ ಎಲ್ಲ ಮನೆಗಳೂ ಕುಗ್ಗುತ್ತಿದ್ದವು. ಒತ್ತಲಿಲ್ಲ. ಹಾಗೆಂದು ಳ ಇಲ್ಲದೆ ಇವಳು ಏನು ಮಾತಾಡಿಯಾಳು? ಅವಳು, ಅವಳ ಮಗಳು, ಮಗಳ ಅತ್ತಿಗೆ ಹೇಳಿದ್ದು, ಇವಳ ಕಥೆಗಳೆಲ್ಲ ಅಲ್ಲಿಂದಲೇ ಶುರುವಾಗುವುದು.

ಮಾರ್ಚ್ 17, ಸೋಮವಾರ

ಇವತ್ತು ದಾರಿ ತೋರಿಸಿದವಳು ಇವಳೇ.

ನಾನು ಹಾಳೆ ಹಿಡಿದು ತಲೆ ಕೆರೆದುಕೊಳ್ಳುವುದನ್ನು ನೋಡುತ್ತಿದ್ದಳು. ಕಾಜಾ ಅಕ್ಕನ ಚೀಲದ ಕಡೆ ಬೆರಳು ಮಾಡಿದಳು. ಅಕ್ಕ ಒಂದೊಂದೇ ತೆಗೆದು ತೋರಿಸಿದರು: ಕತ್ತರಿ, ಟೇಪು, ದಾರದುಂಡೆ. ಚಾಕು ಕಂಡಾಗ "ಊ" ಎಂದಳು. ಬಟ್ಟೆಯ ಮೇಲೆ ಗುರುತು ಹಾಕುವ ಚಪ್ಪಟೆ ಸೀಮೆಸುಣ್ಣ ಅದು, ಅವರ ಭಾಷೆಯಲ್ಲಿ ಚಾಕು. ಅದನ್ನು ಎಡಗೈಗೆ ಕೊಟ್ಟೆವು. ಮಂಚದಲ್ಲೇ ಉಣ್ಣಲೆಂದು ಇವಳ ಮುಂದೆ ಅಡ್ಡ ಇಡುವ ಊಟದ ಹಲಗೆಯ ಮೇಲೆ ಅಕ್ಕ ಕಂದು ಕಾಗದ ಹಾಸಿದರು. ಇವಳು ಮೊಣಕೈ ಊರಿ, ಚಾಕನ್ನು ಎಳೆದಳು. ಎಡಗಡೆ ತಳದಿಂದ ಎದ್ದು, ನಡುವೆ ಮೇಲಕ್ಕೆ ಹೋಗಿ, ಬಲಕ್ಕೆ ಬರುತ್ತ ಬಾಗಿ ಇಳಿಯಿತು ಗೆರೆ. ತೋಳಿನ ಕಂಕುಳಿಗೆ ಕತ್ತರಿಸಲು ಗುರುತು ಹಾಕುತ್ತಾಳಲ್ಲ, ಥೇಟ್ ಹಾಗೆ.

ಎಡಗೈ ಅಲ್ಲಿಯವರೆಗೆ ಹೋಗುತ್ತದೆ, ಅದರಾಚೆ ಹೋಗುವುದಿಲ್ಲ. ನಾನು ಇಷ್ಟು ದಿನ ಹಾಳೆಯ ಅಳತೆ ನೋಡುತ್ತಿದ್ದೆ. ಇವಳು ತನ್ನ ಅಳತೆ ಕೊಟ್ಟಳು.

ಆಮೇಲೆ ಎಲ್ಲ ಸಲೀಸು. ಹಾಳೆ ಅಡ್ಡ. ಹತ್ತು ಕಾಲಂ, ಐದು ಸಾಲು. ಎಡಗಡೆ ಕೈಗೆ ಹತ್ತಿರ ಸ್ವರಗಳು. ಪಕ್ಕದಲ್ಲಿ ಕ ಚ ಟ ತ ಪ, ಗ ಜ ಡ ದ ಬ, ಆಮೇಲೆ ಣ ನ ಮ ಇರುವ ಕಾಲಂ. ಯ ದಿಂದ ಳ ವರೆಗಿನವನ್ನು ತಳದಿಂದ ಎತ್ತಿ ಎರಡು ಕಾಲಂ ಮಾಡಿದೆ, ಳ ತಾಯಿ ಮನೆಗೆ ಬಂದ ಹಾಗೆ ಒಳಗೆ ಬಂತು. ಖ ಛ ಠ, ಘ ಝ ಢ ಇರುವ ಎರಡು ಕಾಲಂಗಳನ್ನು ಇಡಿಯಾಗಿ ಕತ್ತರಿಸಿ ಬಲತುದಿಗೆ ಅಂಟಿಸಿದೆ. ಮನೆಮಾತಿನಲ್ಲಿ ಝ, ಢ ಯಾರಿಗೆ ಬೇಕು?

ಪ್ರಿಂಟ್ ನೋಟದಲ್ಲಿ ಒಂದೇ ಪುಟ. ಕುಗ್ಗಿಸದೆ, ಇರುಕಿಸದೆ, ತಾನಾಗಿ ಕೂತಿದೆ. ಕುರ್ಚಿಯಿಂದ ಎದ್ದು ಅಡುಗೆಮನೆಯವರೆಗೆ ಸುಮ್ಮನೆ ನಡೆದು ಬಂದೆ.

ಮಾರ್ಚ್ 19, ಬುಧವಾರ

ಇವತ್ತಿನದು ಮರೆಯಬಾರದು, ಹಾಗಾಗಿ ಬಿಡಿಸಿ ಬರೆಯುತ್ತೇನೆ.

ದಪ್ಪ ಕಾಗದದ ಮೇಲೆ ಹಾಳೆ ಪ್ರಿಂಟ್ ಮಾಡಿಸಿ, ಊಟದ ಹಲಗೆಗೆ ನಾಲ್ಕೂ ಮೂಲೆಯಲ್ಲಿ ಕ್ಲಿಪ್ ಹಾಕಿ ಇವಳ ಮುಂದಿಟ್ಟೆ. ಹೇಗೆ ಎಂದು ತೋರಿಸಿದೆ. ಇವಳು ಕೇಳಿಸಿಕೊಂಡಳೋ ಇಲ್ಲವೋ. ಕಿಟಕಿ ಪರದೆ ಸ್ವಲ್ಪ ಸರಿಸಿ ಬರೋಣ ಎಂದು ನಾನು ಎದ್ದೆ. ಹಿಂದೆ ಟಕ್ ಟಕ್ ಎಂದು ಸದ್ದಾಯಿತು. ತಿರುಗಿದರೆ ಬೆರಳು ರ ಮೇಲೆ. ಅಲ್ಲಿಂದ ಎದ್ದು, ಗಾಳಿಯಲ್ಲಿ ನಡುಗಿ, ಈ ಮೇಲೆ ಇಳಿಯಿತು.

ರೀ.

ನನ್ನ ಬಾಯಿಂದ ಅಭ್ಯಾಸಬಲದಿಂದ "ಹೂಂ" ಎಂದು ಬಂತು.

ಬೆರಳು ಮತ್ತೆ ಹೊರಟಿತು. ಹ, ಊ, ಸೊನ್ನೆ. ಹೂಂ. ಆಮೇಲೆ ಬ, ಏ, ಡ.

"ಹೂಂ ಬೇಡ" ಎಂದು ನಾನು ಗಟ್ಟಿಯಾಗಿ ಓದಿದೆ. ಓದಿದ ಮೇಲೆ ಅರ್ಥವಾಯಿತು. ಏನು ಹೇಳು, ಕೂತಿದ್ದೇನೆ ಎಂದು ಮಂಚದ ಮೇಲೆ ಕೂತೆ. ಇವಳ ಭುಜ ಕುಲುಕಿತು. ಅಳುತ್ತಿದ್ದಾಳೆ ಎಂದುಕೊಂಡೆ. ನಗುತ್ತಿದ್ದಳು. ಬಾಯಿ ಒಂದು ಕಡೆಗೆ ವಾಲಿ, ಸದ್ದೇ ಇಲ್ಲದೆ, ಹೊಟ್ಟೆ ಹಿಡಿದುಕೊಳ್ಳುವಷ್ಟು ನಗು. ನನಗೂ ತಡೆಯಲಾಗಲಿಲ್ಲ. ಕಾಜಾ ಅಕ್ಕ ಒಳಗಿನಿಂದ ಓಡಿಬಂದು ಇಬ್ಬರನ್ನೂ ನೋಡಿ ಬಾಗಿಲಲ್ಲೇ ನಿಂತರು.

ಅಕ್ಕನಿಗೆ ಎರಡನೆಯ ಮಾತು ಹೇಳಿದಳು: "ಮಷಿನಿಗೆ ಎಣ್ಣೆ ಹಾಕಿದ್ರಾ." ಬೀಗ ಹಾಕಿದ ಅಂಗಡಿಯ ಹೊಲಿಗೆ ಮಷಿನಿನ ವಿಷಯ. ಇಷ್ಟು ದಿನ ಮಲಗಿದ್ದವಳ ತಲೆಯಲ್ಲಿ ಇದ್ದದ್ದು ಇದು!

ಮಾರ್ಚ್ 22, ಶನಿವಾರ

ಇವಳು ಮೂರು ಅಕ್ಷರ ಮುಟ್ಟುವಷ್ಟರಲ್ಲಿ ಉಳಿದದ್ದನ್ನು ನಾನು ಊಹಿಸಿ ಹೇಳಿಬಿಡುತ್ತೇನೆ. ಹತ್ತಕ್ಕೆ ಎಂಟು ತಪ್ಪು. ಕಿಟ ಎಂದರೆ ಕಿಟಕಿ ಮುಚ್ಚಬೇಕಾ ಎಂದು ಏಳುತ್ತೇನೆ. ಅವಳು ಹೇಳಲು ಹೊರಟದ್ದು ಕಿಟಕಿಯಾಚೆ ಹೋದವರ ಕಥೆ. ಕಥೆ ಗುಂಡಿ ಕಿತ್ತ ಅಂಗಿಯ ಹಾಗೆ ಅರ್ಧಕ್ಕೇ ಬಾಯ್ಬಿಟ್ಟು ನಿಲ್ಲುತ್ತದೆ.

ಹಾಳೆಯಲ್ಲಿ ಒಂದೇ ಒಂದು ಮನೆ ಖಾಲಿ ಉಳಿದಿದೆ, ಹತ್ತಿರದಲ್ಲೇ, ಳ ಪಕ್ಕ. ನನಗೆ ಖಾಲಿ ಮನೆ ಕಂಡರಾಗುವುದಿಲ್ಲ. ಅಲ್ಲಿ ಏನು ಹಾಕಲಿ ಎಂದು ಕೇಳಿದೆ. "ಧನ್ಯವಾದ" ಹಾಕಿದರೆ ಒಂದೇ ಸಲಕ್ಕೆ ಮುಟ್ಟಬಹುದು ಎಂದು ಸಲಹೆಯನ್ನೂ ಕೊಟ್ಟೆ. ಇವಳು ನನ್ನನ್ನು ಒಂದು ನಿಮಿಷ ನೋಡಿದಳು. ತ, ಡ, ಈ, ರ, ಇ.

"ತಡೀರಿ" ಎಂದು ಹಾಕಿದ್ದೇನೆ. ಸಂಜೆಯಿಂದ ಆ ಮನೆಗೆ ಬಿದ್ದಷ್ಟು ಪೆಟ್ಟು ಬೇರೆ ಯಾವುದಕ್ಕೂ ಬಿದ್ದಿಲ್ಲ.

ಮಾರ್ಚ್ 27, ಗುರುವಾರ

ಭಾವ ಫೋನ್ ಮಾಡಿದ್ದರು. ಮಷಿನುಗಳನ್ನು ಕೊಳ್ಳುವವರು ಸಿಕ್ಕಿದ್ದಾರಂತೆ. ಭಾನುವಾರ ಮಾಲೀಕರಿಗೆ ಬೀಗದ ಕೈ ಕೊಟ್ಟುಬಿಟ್ಟರೆ ಎಲ್ಲ ಸುಸೂತ್ರ ಎಂದರು. ಇವಳು ಅಕ್ಷರ ಮುಟ್ಟಿ ಮಾತಾಡುತ್ತಾಳೆ ಎಂದು ಹೇಳಿದೆ. ಬಹಳ ಸಂತೋಷ, ಪಾಪ ಅವಳಿಗೂ ಹೊತ್ತು ಹೋಗಬೇಕಲ್ಲ ಎಂದರು.

ಇವಳಿಗೆ ತಿಳಿಸಿದೆ. ಮುಖ ಕೆಂಪಾಯಿತು. ಬೆರಳು ಹಾಳೆಯ ಮೇಲೆ ಎತ್ತಿದಳು, ಮುಟ್ಟಲಿಲ್ಲ. ಭಾನುವಾರ ನೀನೇ ಹೇಳುತ್ತೀಯಾ ಎಂದು ಕೇಳಿದೆ. ಹೌದೆಂಬಂತೆ ಕಣ್ಣು ಮಿಟುಕಿಸಿದಳು. ಏನು ಹೇಳುತ್ತಾಳೆ ಎಂದು ನಾನು ಊಹಿಸಲು ಹೋಗಲಿಲ್ಲ.

ಆಫೀಸಿನಲ್ಲಿ ಇವತ್ತು ವರ್ಷದ ಕೊನೆಯ ದೊಡ್ಡ ಪಟ್ಟಿ. ಮೇಡಂ ಎಂದಿನಂತೆ ಒಂದೇ ಪುಟಕ್ಕೆ ಕೇಳಿದರು. ಎರಡು ಪುಟ ಮಾಡಿ, ಎರಡನೆಯದರಲ್ಲೂ ತಲೆಸಾಲು ಬರುವ ಹಾಗೆ ಕೊಟ್ಟೆ. ಓದಲಿಕ್ಕಾಗಬೇಕಲ್ಲ ಮೇಡಂ ಎಂದೆ. ಕನ್ನಡಕ ತೆಗೆದು ನೋಡಿದರು, ಹಾಕಿಕೊಂಡು ನೋಡಿದರು. ಇಷ್ಟು ದಿನ ಯಾಕೆ ಹೀಗೆ ಮಾಡಿರಲಿಲ್ಲ ಎಂದು ಕೇಳಿದರು.

ಮಾರ್ಚ್ 30, ಭಾನುವಾರ

ಗೆದ್ದಳು.

ಮೊದಲಿನಿಂದ ಬರೆಯಬೇಕು. ಬೆಳಿಗ್ಗೆ ಕಾಜಾ ಅಕ್ಕ ಬೇಗ ಬಂದು ಇವಳಿಗೆ ತಲೆ ಬಾಚಿ, ಇವಳೇ ಹೊಲಿದ ಹಸಿರು ಅಂಗಿ ತೊಡಿಸಿದರು. ಮಂಚದ ಮೇಲೆ ಬೇಡ ಎಂದು ಇವಳು ಹಟ ಮಾಡಿದ್ದರಿಂದ ಕುರ್ಚಿಯಲ್ಲಿ ದಿಂಬು ಒತ್ತರಿಸಿ ಕೂರಿಸಿದೆವು. 

ಭಾವ ಮತ್ತು ಮಾಲೀಕರು ಒಟ್ಟಿಗೆ ಬಂದರು. ಮಾಲೀಕರು ಮೆದು ಮಾತಿನವರು. ಇವಳ ಕಡೆ ನೋಡಿ ನಕ್ಕು, ಆಮೇಲೆ ಪೂರ್ತಿ ಭಾವನ ಕಡೆಗೇ ತಿರುಗಿ ಮಾತಾಡತೊಡಗಿದರು. ಫೋನ್ ರಿಪೇರಿಯವನು ಯಾವಾಗ ಬರಬಹುದು, ಬೋರ್ಡು ಯಾರು ಇಳಿಸುವುದು ಎಂದೆಲ್ಲ ಮಾತು ನಡೆಯಿತು. ಬೀಗದ ಕೈ ಎಲ್ಲಿದೆ ಎಂದು ಭಾವ ನನ್ನನ್ನು ಕೇಳಿದರು. ಅಂಗಡಿ ಇವಳದು, ಇವಳನ್ನೇ ಕೇಳಿ ಎಂದೆ. ಇಬ್ಬರೂ ಇವಳ ಕಡೆ ತಿರುಗಿದರು.

ಬೆರಳು ಎದ್ದಿತು. ಅ, ಸೊನ್ನೆ, ಗ, ಡ, ಇ. ನಾನು ಓದಿದೆ: "ಅಂಗಡಿ."

ಬ, ಇ. ಸ್ವಲ್ಪ ಹೊತ್ತು ಬೆರಳು ಗಾಳಿಯಲ್ಲೇ ನಿಂತಿತು. ಡ.

"ಬಿಡ" ಎಂದು ಓದಿದೆನೋ ಇಲ್ಲವೋ, ಭಾವ ನಿಟ್ಟುಸಿರು ಬಿಟ್ಟು ಮಾಲೀಕರ ಕೈ ಮುಟ್ಟಿದರು. "ಬಿಡ್ತೀನಿ ಅಂತಿದಾಳೆ. ಪಾಪ, ಅವಳಿಗೂ ಗೊತ್ತು" ಎಂದರು. ಮಾಲೀಕರು ಏಳಲು ಹೊರಟರು.

ಟಪ್ ಎಂದು ಸದ್ದಾಯಿತು. ಬೆರಳಲ್ಲ, ಅಂಗೈ ಪೂರ್ತಿ ಬಿದ್ದಿತ್ತು, ತಡೀರಿ ಮನೆಯ ಮೇಲೆ.

ನಾನೂ ಹೇಳಿದೆ: "ಕೊನೇ ಅಕ್ಷರ ಇನ್ನೂ ಬಂದಿಲ್ಲ, ಭಾವ. ಅವಳು ಮುಗಿಸಲಿ."

ಎಲ್ಲರೂ ಹಾಳೆಯ ಮೇಲೆ ಬಗ್ಗಿದರು. ಲ. ಬೆರಳು ಎಡಕ್ಕೆ ಹೋಗಿ ಒತ್ತು ಮುಟ್ಟಿತು. ಮತ್ತೆ ಲ.

"ಅಂಗಡಿ ಬಿಡಲ್ಲ."

ಈ ಸಲ ಓದಿದ್ದು ನಾನಲ್ಲ, ಮಾಲೀಕರು.

ಭಾವ ಇವಳ ಮುಂದೆ ಮೊಣಕಾಲೂರಿ ಕೂತರು. ಕೈ ಹೀಗಿರುವಾಗ ಹೇಗೆ ಹೊಲಿಯುತ್ತೀಯ, ದಣಿದು ಮತ್ತೆ ಬಿದ್ದರೆ ನಾನು ಏನು ಮಾಡಲಿ ಎಂದು ಮಗುವಿಗೆ ಹೇಳುವ ಹಾಗೆ ಹೇಳಿದರು. ಇವಳು ಅವಸರ ಮಾಡಲಿಲ್ಲ. ಒಂದೊಂದೇ ಅಕ್ಷರ, ನಡುನಡುವೆ ಉಸಿರು ಎಳೆದುಕೊಂಡು, "ಅಕ್ಕ ಹೊಲೀತಾರೆ. ನಾನು ನೋಡ್ತೀನಿ" ಎಂದಳು. ನೋಡೋದರಿಂದ ಏನಾಗುತ್ತೆ ತಂಗಿ ಎಂದು ಭಾವ ಕೇಳಿದ್ದಕ್ಕೆ ಉತ್ತರ ಹೀಗೆ ಬಂತು: "ಎದ್ದು ನಿಲ್ಲು."

ಭಾವ ಎದ್ದು ನಿಂತರು.

ಇವಳು ತಲೆಯಿಂದ ಕಾಲಿನವರೆಗೆ ನೋಡಿದಳು. ಅಂಗಡಿಯಲ್ಲಿ ಗಿರಾಕಿಯನ್ನು ನೋಡುತ್ತಿದ್ದ ನೋಟವೇ ಅದು. ಬೆರಳು ಹೊರಟಿತು: "ಎಡಗಾಲು ಉದ್ದ."

ಕಾಜಾ ಅಕ್ಕ ಸೊಂಟದ ಟೇಪು ತೆಗೆದು ನೆಲಕ್ಕೆ ಕೂತು ಪ್ಯಾಂಟಿನ ಎರಡೂ ಕಾಲು ಅಳೆದರು. ಎಡಗಾಲು ಅರ್ಧ ಇಂಚು ಉದ್ದ ಇತ್ತು. ಹೊಚ್ಚ ಹೊಸ ಪ್ಯಾಂಟು, ದೊಡ್ಡ ಮಳಿಗೆಯಲ್ಲಿ ತೆಗೆದದ್ದಂತೆ. ಮಾಲೀಕರಿಗೆ ನಗು ತಡೆಯಲಾಗಲಿಲ್ಲ. ಭಾವ ತಮ್ಮ ಕಾಲನ್ನೇ ನೋಡಿಕೊಂಡು ನಿಂತಿದ್ದವರು ಬಗ್ಗಿ ಇವಳ ತಲೆ ಸವರಿದರು. ಆ ಮಷಿನ್ ಕೊಳ್ಳುವವರಿಗೆ ನಾನೇ ಫೋನ್ ಮಾಡಿ ಹೇಳುತ್ತೇನೆ ಎಂದರು. ಇವಳು ಕೊನೆಯ ಮಾತು ಹೇಳಿದಳು, "ಪ್ಯಾಂಟ್ ಬಿಟ್ಟು ಹೋಗು." ಓದಿದ ಮೇಲೆ ನಾವೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಭಾವ ನನ್ನ ಪೈಜಾಮ ಹಾಕಿಕೊಂಡು ಮನೆಗೆ ಹೋದರು.

ಏಪ್ರಿಲ್ 2, ಬುಧವಾರ

ತಪಾಸಣೆಗೆ ಆಸ್ಪತ್ರೆಗೆ ಹೋಗಿದ್ದೆವು. ಮಾತಿನ ಡಾಕ್ಟರು ಹಾಳೆಯನ್ನು ತಿರುಗಿಸಿ ತಿರುಗಿಸಿ ನೋಡಿದರು. ಇವಳ ಜೊತೆ ನೇರವಾಗಿ ಮಾತಾಡಿದರು, ಇವಳು ಅವರ ಕೋಟಿನ ತೋಳಿನ ಬಗ್ಗೆ ಏನೋ ಹೇಳಿದಳು. ಬೇರೆಯವರಿಗೂ ಬೇಕಾಗುತ್ತದೆ, ಫೈಲು ಕೊಡುತ್ತೀರಾ ಎಂದು ಕೇಳಿದರು. ಕೊಟ್ಟೆ. ಜೊತೆಗೆ ಹೇಳಿಯೂ ಬಂದೆ: ಯಾರಿಗೆ ಮಾಡಿದರೂ ಮೊದಲು ಕೈಗೆ ಸೀಮೆಸುಣ್ಣ ಕೊಟ್ಟು ಗೆರೆ ಎಳೆಸಿ, ಆಮೇಲೆ ಕಾಲಂ ಹಾಕಿ. ಮನೆ ಚಿಕ್ಕದು ಮಾಡಿ ಇರುಕಿಸಲು ಹೋಗಬೇಡಿ. ಪುಟಕ್ಕೆ ಬರಲಿಲ್ಲ ಎಂದರೆ ಜೋಡಣೆ ಬದಲಿಸಿ.

ಹೊರಗೆ ಕಾಯುತ್ತಿದ್ದ ಮುದುಕರೊಬ್ಬರು ಎಲ್ಲ ಕೇಳಿಸಿಕೊಂಡು, ನೀವು ಯಾವ ವಿಭಾಗದ ಡಾಕ್ಟರು ಎಂದು ಕೇಳಿದರು. ಟೈಲ್ಸ್ ವಿಭಾಗ ಎಂದೆ. ಇವಳು ಮನೆಗೆ ಬರುವವರೆಗೂ ನಗುತ್ತಿದ್ದಳು.

ಏಪ್ರಿಲ್ 7, ಸೋಮವಾರ

ಅಂಗಡಿ ತೆರೆಯಿತು.

ಗಾಲಿಕುರ್ಚಿಯಲ್ಲಿ ತಳ್ಳಿಕೊಂಡು ಹೋದೆ. ಬೀದಿಯುದ್ದಕ್ಕೂ ಜನ ನಿಲ್ಲಿಸಿ ಮಾತಾಡಿಸಿದರು. ಕಾಜಾ ಅಕ್ಕ ಆಗಲೇ ಬಾಗಿಲು ತೆಗೆದು, ಕತ್ತರಿಸುವ ಮೇಜಿನ ತುದಿಗೆ ಇವಳ ಹಲಗೆ ಕೂರುವ ಹಾಗೆ ಜಾಗ ಮಾಡಿಟ್ಟಿದ್ದರು. ಮೊದಲ ಗಿರಾಕಿ ಹೆಂಗಸು ಹಾಳೆ ಕಂಡು ಗಾಬರಿಯಾದರು. ಐದು ನಿಮಿಷದಲ್ಲಿ ನನಗಿಂತ ಬೇಗ ಓದತೊಡಗಿದರು. ನಾನು ಪಕ್ಕದಲ್ಲೇ ನಿಂತು ಗಟ್ಟಿಯಾಗಿ ಓದಿಕೊಡುತ್ತಿದ್ದೆ. ಇವಳು ತಡೀರಿ ಮುಟ್ಟಿ, ಆಮೇಲೆ "ನೀವು ಆಫೀಸಿಗೆ ಹೋಗಿ" ಎಂದಳು. ಹೋದೆ. ದಾರಿಯಲ್ಲಿ ಎರಡು ಸಲ ತಿರುಗಿ ನೋಡಿದೆ, ಯಾರೂ ನನ್ನನ್ನು ನೋಡುತ್ತಿರಲಿಲ್ಲ.

ಸಂಜೆ ಮನೆಗೆ ಕರೆತಂದ ಮೇಲೆ ಕೈಕಾಲು ತೊಳೆಸಿ, ಕಾಫಿ ಕುಡಿಸಿ, ಹಲಗೆ ಮುಂದಿಟ್ಟೆ. ಇವತ್ತು ಏನೇನಾಯಿತು ಎಂದೆ. ಶುರು ಮಾಡಿದಳು. ಮಧ್ಯಾಹ್ನ ಒಬ್ಬ ಕೋಟು ತಂದನಂತೆ, ಸ್ವಲ್ಪ ಚಿಕ್ಕದು ಮಾಡಿಕೊಡಿ ಎಂದು. ಹಾಕಿಕೊಳ್ಳಿ ನೋಡೋಣ ಎಂದಳಂತೆ. ಹಾಕಿಕೊಂಡ. ಇವಳು ನೋಡಿದಳು. ಭುಜ ನೋಡಿದಳು, ಬೆನ್ನು ನೋಡಿದಳು, ಒಳಗಿನ ಲೈನಿಂಗ್ ಬಟ್ಟೆ ತಿರುವಿಸಿ ನೋಡಿದಳು. ಆಮೇಲೆ "ಇದು ನಿಮ್ಮದಲ್ಲ" ಎಂದಳಂತೆ. ಅವನ ಮುಖ ಬಿಳಿಚಿಕೊಂಡಿತಂತೆ. ಯಾರದು ಎಂದು ನಾನು ಕೇಳಿದೆ. ತಡೀರಿ. ಅವನು ಏನೂ ಹೇಳದೆ ಹೊರಗೆ ಹೋಗಿ, ರಸ್ತೆಯಾಚೆ ನಿಂತು, ಯಾರನ್ನೋ ಕರೆದುಕೊಂಡು ಬಂದನಂತೆ. ಯಾರನ್ನು ಎಂದೆ. ಮತ್ತೆ ತಡೀರಿ. ಒಬ್ಬ ವಯಸ್ಸಾದ ಹೆಂಗಸು. ಆಕೆ ಒಳಗೆ ಬಂದವರೇ ಕೋಟಿನ ಕಡೆ ನೋಡಿ...

ಅಷ್ಟರಲ್ಲಿ ಬೆರಳು ಸೋತು ಜಾರಿತು. ದಣಿದುಹೋಗಿದ್ದಾಳೆ, ಮೊದಲ ದಿನ ಅಲ್ಲವೇ. ಸ್ವಲ್ಪ ಸುಧಾರಿಸಿಕೋ ಎಂದು ದಿಂಬು ಸರಿಮಾಡುವಷ್ಟರಲ್ಲಿ ನಿದ್ದೆ ಹತ್ತಿತು.

ಪೇಪರ್ ಮಡಿಕೆ ಬಿಚ್ಚದೆ ಬಿದ್ದಿದೆ. ನಾನು ಕೋಣೆಯಲ್ಲಿ ಅತ್ತಿಂದಿತ್ತ ತಿರುಗುತ್ತಿದ್ದೇನೆ. ಆ ಹೆಂಗಸು ಯಾರು? ತಾಯಿಯಾ? ಕೋಟು ನೋಡಿ ಅತ್ತರೋ, ಬೈದರೋ? ಕಾಜಾ ಅಕ್ಕನಿಗೆ ಫೋನ್ ಮಾಡಿದರೆ ಎರಡು ನಿಮಿಷದಲ್ಲಿ ಹೇಳಿಬಿಡುತ್ತಾರೆ. ನಂಬರು ಒತ್ತಿಯೂ ಒತ್ತಿದೆ, ಆಮೇಲೆ ಕತ್ತರಿಸಿದೆ.

ಬೇಡ. ಇವಳ ಬಾಯಿಂದಲೇ ಕೇಳುತ್ತೇನೆ.